ಕೊನೆಗೂ ಬಂತು: ನನಗೇ ಅಂತ ಮಾಡಿಸಿದ ಮೊದಲ ಬಾಸ್ ಗಿಟಾರ್

ಎಡಚಿ (ಶಿವಮೊಗ್ಗ) | ಶನಿವಾರ ರಾತ್ರಿ 11.20

ಎರಡು ವರ್ಷದಿಂದ ಇಲ್ಲಿ ಬರೀ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯದಿದ್ದರೆ ನಿದ್ದೆ ಬರಲ್ಲ. ನನ್ನ ನಾಲ್ಕು ತಂತಿಯ ಬಾಸ್ ಬಂತು!

ಬೆಂಗಳೂರಿಂದ ರೈಲಲ್ಲಿ ತಂದೆ. ಮೇಲಿನ ಲಗೇಜ್ ಜಾಗದಲ್ಲಿ ಇಡಲು ಮನಸ್ಸಾಗಲಿಲ್ಲ, ಮಂಡಿ ಮಧ್ಯೆ ನಿಲ್ಲಿಸಿಕೊಂಡು ಕೂತಿದ್ದೆ. ಎದುರಿಗಿದ್ದ ಅಜ್ಜಿ ಅರಸೀಕೆರೆವರೆಗೂ ನೋಡಿ ನೋಡಿ ಕೊನೆಗೆ "ವೀಣೆಯಾ ಮಗಾ?" ಅಂದರು. ಹೂಂ ಅಂದುಬಿಟ್ಟೆ.

ನನ್ನ ಕಥೆ ಸ್ವಲ್ಪ ವಕ್ರ. ನಾನು ಎಡಚಿ. ಅಣ್ಣ ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಬಾಸ್ ನುಡಿಸುತ್ತಿದ್ದ. ಅವನು ಕೆಲಸಕ್ಕೆ ಮಸ್ಕತ್‌ಗೆ ಹೋದ, ಬಾಸ್ ಗೋಡೆ ಮೇಲೆ ಉಳಿಯಿತು. ನನಗೆ ಆಗ 19. ತೆಗೆದುಕೊಂಡೆ, ಕೈಗೆ ಹೇಗೆ ಬಂತೋ ಹಾಗೆ ಹಿಡಿದೆ. ಅಂದರೆ ತಲೆಕೆಳಗಾಗಿ. ತಂತಿ ಬಿಚ್ಚಿ ಅದಲುಬದಲು ಮಾಡಬೇಕು ಅಂತ ಹೇಳುವವರು ಯಾರೂ ಇರಲಿಲ್ಲ. ಹೇಳುವವರು ಸಿಗುವಷ್ಟರಲ್ಲಿ ಮೂರು ವರ್ಷ ಕಳೆದು ಬೆರಳು ಎಲ್ಲಾ ಕಲಿತಾಗಿತ್ತು. ಎಲ್ಲರಿಗೂ ದಪ್ಪನೆಯ ಇ ತಂತಿ ಮೇಲೆ, ತೆಳು ಜಿ ತಂತಿ ಕೆಳಗೆ. ನನಗೆ ಜಿ ಮೇಲೆ, ಇ ಕೆಳಗೆ. ಹೀಗೇ 17 ವರ್ಷ.

ಬಲಗೈಯವರ ಬಾಸ್ ಅನ್ನು ತಿರುಗಿಸಿ ನುಡಿಸಿದವರಿಗೆ ಮಾತ್ರ ಗೊತ್ತು ಆ ಪಾಡು. ಮೈಯಿಂದ ಕುತ್ತಿಗೆಯ ಎರಡು ಪಕ್ಕಕ್ಕೆ ಚಾಚಿದ ಕೊಂಬುಗಳಲ್ಲಿ ಉದ್ದದ್ದು ಕೆಳಗೆ ಹೋಗುತ್ತದೆ. ಬೆಲ್ಟ್ ಸಿಕ್ಕಿಸುವ ಗುಂಡಿ ಸಿಗುವುದು ಗಿಡ್ಡ ಕೊಂಬಿನ ಕಡೆ. ಹಾಗಾಗಿ ಬಾಸ್‌ನ ತಲೆ ನೆಲ ನೋಡುತ್ತದೆ, ಅದನ್ನು ಎತ್ತಿ ಹಿಡಿಯುವುದೇ ಬಲಗೈಯ ಅರ್ಧ ಕೆಲಸ. ನಾಬ್‌ಗಳು ಮುಂಗೈ ಅಡಿಗೆ ಬರುತ್ತವೆ. ಆರತಕ್ಷತೆಯಲ್ಲಿ ಪಲ್ಲವಿ ಶುರುವಾಗುವ ಹೊತ್ತಿಗೆ ವಾಲ್ಯೂಮ್ ತಾನಾಗಿ ಇಳಿದಿರುತ್ತದೆ. 12ನೇ ಫ್ರೆಟ್ (ಕುತ್ತಿಗೆ ಮೇಲಿನ ಅಡ್ಡ ಲೋಹದ ಪಟ್ಟಿ) ದಾಟಿ ಮೇಲೆ ಹೋಗೋಣ ಅಂದರೆ ಆ ಉದ್ದ ಕೊಂಬೇ ಅಂಗೈಗೆ ಅಡ್ಡ.

ಇನ್ನೊಂದಿದೆ. ನಿಮ್ಮ ಬಾಸ್‌ನ ಕುತ್ತಿಗೆಯ ಅಂಚಿನಲ್ಲಿ ಸಣ್ಣ ಚುಕ್ಕಿಗಳಿವೆ ಅಲ್ವಾ, 3, 5, 7, 9, 12ನೇ ಫ್ರೆಟ್ ಗುರುತಿಗೆ? ತಿರುಗಿಸಿದರೆ ಅವು ನೆಲದ ಕಡೆ. ನನಗೆ ಕಾಣಿಸಲ್ಲ. ಅದಕ್ಕೆ ನಾನು ಮೇಲಿನ ಅಂಚಿಗೆ ಸ್ಟಿಕ್ಕರ್ ಬಿಂದಿ ಅಂಟಿಸಿಕೊಳ್ಳುತ್ತಿದ್ದೆ. ಕೆಂಪು, ಅತಿ ಸಣ್ಣ ಸೈಜು. ಬೆವರಿಗೆ ಜಾರುತ್ತಿತ್ತು. ಒಮ್ಮೆ 5ನೇ ಫ್ರೆಟ್‌ನ ಬಿಂದಿ ಹೆಬ್ಬೆರಳಿಗೆ ಅಂಟಿ 6ಕ್ಕೆ ಹೋಗಿ ಕೂತಿತ್ತು. ಅವತ್ತು ಒಂದಿಡೀ ಚರಣ ಅರ್ಧ ಸ್ವರ ಮೇಲೆ ನುಡಿಸಿದ್ದೇನೆ. ಕೀಬೋರ್ಡ್‌ನವರು ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ.

ಮಾಡಿಕೊಟ್ಟವರು ಬೆಂಗಳೂರಿನಲ್ಲಿ ಒಬ್ಬರೇ ಕೂತು ಕೆಲಸ ಮಾಡುವವರು. ಹೆಸರು ಬೇಡ ಅಂದಿದ್ದಾರೆ, ಈಗಾಗಲೇ ಕೈತುಂಬ ಕೆಲಸವಿದೆಯಂತೆ. ಮೊದಲ ದಿನ ಮರ, ಬಣ್ಣ ಏನೂ ಕೇಳಲಿಲ್ಲ. ಬ್ರೌನ್ ಪೇಪರ್ ಹಾಸಿ ನನ್ನ ಬಲಗೈಯನ್ನು ಅದರ ಮೇಲೆ ಅಗಲಿಸಿ ಇಡಿಸಿದರು. ಬೆರಳ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದರು, ಬಳೆ ಅಂಗಡಿಯವರು ಕೈ ನೋಡುವ ಹಾಗೆ. ಆಮೇಲೆ ನನ್ನ ಹಳೇ ಬಾಸ್ ಹಿಡಿದು ಆ ಬಿಂದಿಗಳನ್ನೇ ನೋಡುತ್ತಾ ನಿಂತರು. ನಗಲಿಲ್ಲ. "ಇದೇ ಬಣ್ಣ ಸಾಕಾ?" ಅಂದರು.

ಒಂಬತ್ತು ತಿಂಗಳು ಅಂದಿದ್ದು ಹದಿನಾಲ್ಕಾಯಿತು. ಇರಲಿ.

ಈಗ ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ, ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಹಾಕುವ ಹಾಗಿಲ್ಲ. ಬರೀ ಬಾಸ್ ತೊಡೆ ಮೇಲಿಟ್ಟು ನುಡಿಸುತ್ತಿದ್ದೇನೆ. ಗಲ್ಲವನ್ನು ಮೇಲಿನ ಕೊಂಬಿಗೆ ಒತ್ತಿ ಇಟ್ಟರೆ ಇ ತಂತಿ ದವಡೆಯ ಮೂಳೆಯಲ್ಲೇ ಕೇಳುತ್ತದೆ. ಮೇಲಿನ ಕೊಂಬು! ನನಗೆ ಮೇಲೊಂದು ಕೊಂಬು ಇದೆ ಈಗ. ಅಂಚಿನಲ್ಲಿ ಕೆಂಪು ಚುಕ್ಕಿ ಇವೆ, ಮರದೊಳಗೆ ಕೂರಿಸಿದ್ದು. ಉಗುರಲ್ಲಿ ಕೆರೆದು ನೋಡಿದೆ, ಬರಲ್ಲ.

ಹಳೇಆಂಪ್ (ಮೈಸೂರು) | ಭಾನುವಾರ ಬೆಳಿಗ್ಗೆ 7.05

ಅಭಿನಂದನೆ ಮೇಡಂ. ಕಾಫಿ ಆರಿ ಹೋಯಿತು ಇದನ್ನು ಓದುತ್ತಾ. ಆದರೆ ಸ್ಕೇಲ್ (ನುಡಿಯುವ ತಂತಿಯ ಉದ್ದ) ಎಷ್ಟು, ಮರ ಯಾವುದು, ತಂತಿಯ ಕಂಪನ ಹಿಡಿಯುವ ಪಿಕಪ್ ಏನು, ಒಂದೂ ಹೇಳಿಲ್ಲ. ಮದುವೆ ಊಟದ ಬಗ್ಗೆ ಬರೆದು ಪಾಯಸ ಯಾವುದು ಅಂತ ಹೇಳದ ಹಾಗಾಯಿತು.

ಇನ್ನೊಂದು ಸಂಶಯ. ಹೊಸದಾಗಿ ಮಾಡಿಸುವಾಗಲೇ ತಂತಿಯನ್ನು ಸರಿಯಾದ ಕ್ರಮಕ್ಕೆ ತಂದುಕೊಳ್ಳಬಹುದಿತ್ತಲ್ಲ?

ಡ್ರಮ್ಸ್‌ಪುಟ್ಟ (ಹಾಸನ) | ಭಾನುವಾರ ಬೆಳಿಗ್ಗೆ 8.30

ಆರು ತಂತಿಯ ಗಿಟಾರ್ ನೋಡಿದ ಜನ ನಮ್ಮ ಬಾಸಿಸ್ಟ್‌ಗೆ ಇನ್ನೂ "ಉಳಿದ ಎರಡು ತಂತಿ ಕಿತ್ತು ಹೋಯ್ತಾ?" ಅಂತ ಕೇಳ್ತಾರೆ. ಅಕ್ಕ, ನಿಮಗೆ ಅದರ ಜೊತೆ "ಉಲ್ಟಾ ಹಿಡ್ಕೊಂಡಿದ್ದೀರಲ್ಲ" ಅಂತಲೂ ಸೇರಿ ಎರಡೆರಡು ಪ್ರಶ್ನೆ ಬರುತ್ತಿರಬೇಕು.

ಎಡಚಿ (ಶಿವಮೊಗ್ಗ) | ಭಾನುವಾರ ಮಧ್ಯಾಹ್ನ 2.15

@ಡ್ರಮ್ಸ್‌ಪುಟ್ಟ ಮೂರು ಪ್ರಶ್ನೆ. "ಮನೇಲಿ ಒಪ್ತಾರಾ?" ಅಂತ ಒಂದು ಬಿಟ್ಟಿರಿ.

@ಹಳೇಆಂಪ್ ತಗೊಳ್ಳಿ ಪಾಯಸ. ಸ್ಕೇಲ್ 32 ಇಂಚು. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ತಂದಾಗ 34 ಇಂಚು ಇಟ್ಟರು, ಲೋಕವೆಲ್ಲ ಅದನ್ನೇ ಹಿಡಿದುಕೊಂಡಿತು. ನನ್ನ ಕೈ ಚಿಕ್ಕದು. 34ರಲ್ಲಿ 1ನೇ ಫ್ರೆಟ್‌ನಿಂದ 4ನೇ ಫ್ರೆಟ್‌ಗೆ ಹತ್ತಿರ ಹತ್ತಿರ 130 ಮಿ.ಮೀ. 32ರಲ್ಲಿ 122. ಆ ಎಂಟು ಮಿ.ಮೀ. ಒಳಗೆ ನನ್ನ ಕಿರುಬೆರಳಿನ ಇಷ್ಟು ವರ್ಷದ ನೋವು ಇತ್ತು.

ಮೈಗೆ ಮಹಾಗನಿ, ಕುತ್ತಿಗೆಗೆ ಮೇಪಲ್, ಬೆರಳ ಹಲಗೆಗೆ ನಮ್ಮ ಬೀಟೆ. ಕುತ್ತಿಗೆ ತುದಿಯಲ್ಲಿ ತಂತಿ ಕೂರುವ ನಟ್ ಮೂಳೆಯದು. ಮುಂದೆ ಪಿ (ಪ್ರಿಸಿಷನ್) ಪಿಕಪ್, ಹಿಂದೆ ಜೆ (ಜಾಝ್). ಬ್ಯಾಟರಿ ಇಲ್ಲ. ತೂಕ 3.4 ಕೆಜಿ. ಹಳೇದು 4.3 ಇತ್ತು. ಮೂರು ಗಂಟೆ ನಿಂತು ನುಡಿಸುವವರ ಭುಜವನ್ನು ಕೇಳಿ, ಆ 900 ಗ್ರಾಂ ಏನು ಅಂತ ಹೇಳುತ್ತದೆ.

ಮರದ ವಿಷಯದಲ್ಲಿ ನನಗೊಂದು ಮುಖಭಂಗವೂ ಆಯಿತು. ತೀರ್ಥಹಳ್ಳಿ ಕಡೆ ಅಜ್ಜನ ಮನೆಯ ಹಲಸಿನ ಮರ ಮಳೆಗೆ ಬಿದ್ದಿತ್ತು. ಅದರ ಒಂದು ಹಲಗೆ ಅಟ್ಟದಲ್ಲಿ ಎಂಟು ವರ್ಷ ಇತ್ತು. ವೀಣೆಗೆ ಆಗುತ್ತೆ, ಬಾಸ್‌ಗೆ ಯಾಕೆ ಆಗಲ್ಲ ಅಂತ ಕಾರಿನ ತಲೆ ಮೇಲೆ ಕಟ್ಟಿಕೊಂಡು ಹೆಮ್ಮೆಯಿಂದ ಹೋದೆ. ಬಾಸ್ ಮಾಡುವವರು ತೇವ ಅಳೆಯುವ ಮೀಟರ್‌ನ ಎರಡು ಮೊಳೆ ಚುಚ್ಚಿದರು. 17 ತೋರಿಸಿತು. ವಾದ್ಯಕ್ಕೆ 10ರ ಒಳಗೆ ಬೇಕಂತೆ. ತಿರುಗಿಸಿದರೆ ಅಡಿಯಲ್ಲಿ ಸಾಲಾಗಿ ಹುಳುವಿನ ತೂತು. "ಕೊಟ್ಟಿಗೆ ಬಾಗಿಲಿಗೆ ಒಳ್ಳೇ ಮರ" ಅಂದರು. ನಾನು ಮುಖ ಸಣ್ಣ ಮಾಡಿಕೊಂಡಿದ್ದು ನೋಡಿಯೋ ಏನೋ, ಹುಳ ಮುಟ್ಟದ ಮೂಲೆಯಿಂದ ಅಂಗೈಯಗಲದ ಚೂರು ಕೊಯ್ದು ಎತ್ತಿಟ್ಟರು. ಅದು ಒಣಗಿ, ಮೂರು ಮಿ.ಮೀ. ದಪ್ಪಕ್ಕೆ ಇಳಿದು, ಈಗ ಬಾಸ್‌ನ ತಲೆಯ ಮುಂಭಾಗದಲ್ಲಿದೆ. ಇನ್ನೂ ಅರಿಶಿನದ ಬಣ್ಣ. ಹೋಗ್ತಾ ಹೋಗ್ತಾ ಕಂದು ಆಗುತ್ತೆ ಅಂದಿದ್ದಾರೆ.

ತಂತಿಯ ಕ್ರಮ: ಇದೇ ಪ್ರಶ್ನೆಯನ್ನು ಅವರೂ ಕೇಳಿದರು, ಒಂದು ತಿಂಗಳು ಯೋಚಿಸಿ ಬನ್ನಿ ಅಂದರು. ಹಳೇ ಬಾಸ್‌ನ ತಂತಿ ಬದಲಿಸಿ ಪ್ರಯತ್ನ ಪಟ್ಟೆ. ಹದಿನೈದನೇ ದಿನ ಮಗನಿಗೆ ಹುಟ್ಟುಹಬ್ಬದ ಹಾಡು ನುಡಿಸಲು ಆಗಲಿಲ್ಲ. ನನ್ನ ಕೈಬರಹವನ್ನೇ ಬದಲಿಸು ಅಂದ ಹಾಗಿತ್ತು. ಬೇಡ ಅಂದೆ.

ಆಗ ಅವರು ಒಂದು ಮಾತು ಹೇಳಿದರು: "ತಂತಿಗಳ ಮಟ್ಟಿಗೆ ನಿಮ್ಮದು ಬಲಗೈ ಬಾಸ್, ಮೈಯ ಮಟ್ಟಿಗೆ ಎಡಗೈ ಬಾಸ್." ನಟ್, ಬ್ರಿಡ್ಜ್ (ಮೈ ಮೇಲೆ ತಂತಿ ಕೂರುವ ಆಧಾರ), ಪಿಕಪ್ ಎಲ್ಲಾ ಮಾಮೂಲಿಯವೇ ಆಗುತ್ತವೆ. ಪಿ ಪಿಕಪ್‌ನ ಇ-ಎ ತುಂಡು ಕುತ್ತಿಗೆ ಕಡೆ, ಡಿ-ಜಿ ತುಂಡು ಬ್ರಿಡ್ಜ್ ಕಡೆ, ಎಲ್ಲರ ಬಾಸ್‌ನ ಹಾಗೆ. ಕೊಂಬು, ಚುಕ್ಕಿ, ನಾಬ್ ಇವು ಮಾತ್ರ ನನ್ನ ಕಡೆಗೆ ತಿರುಗಬೇಕು. ತಲೆಯಲ್ಲಿ ಶ್ರುತಿ ಮಾಡುವ ಕೀಲಿಗಳು ಆ ಕಡೆ ಎರಡು, ಈ ಕಡೆ ಎರಡು. ಹಾಗಾಗಿ ಯಾವ ತಂತಿಯೂ ಉದ್ದ ಗಿಡ್ಡ ಅಂತ ತಕರಾರು ಮಾಡಲ್ಲ.

ಲೆಕ್ಕದಮೇಷ್ಟ್ರು (ತುಮಕೂರು) | ಭಾನುವಾರ ಸಂಜೆ 6.50

ಖುಷಿಗೆ ಕಲ್ಲು ಹಾಕುವ ಉದ್ದೇಶ ಇಲ್ಲ. ಆದರೆ ಇಲ್ಲಿ ಹೊಸ ಹುಡುಗರೂ ಓದುತ್ತಾರೆ, ಒಬ್ಬರಾದರೂ ಹೇಳಬೇಕು. ಬೇರೆಯವರಿಗೆ ಅಂತ ಅಳತೆ ಕೊಟ್ಟು ಮಾಡಿಸಿದ ವಾದ್ಯಕ್ಕೆ ಮರುಮಾರಾಟದ ಬೆಲೆ ಅರ್ಧವೂ ಸಿಗಲ್ಲ. ಇದಂತೂ ಎಡಗೈ, ಗಿಡ್ಡ ಸ್ಕೇಲ್, ತಂತಿ ಉಲ್ಟಾ. ಮೂರೂ ಒಟ್ಟಿಗೆ ಬೇಕಾದ ಗಿರಾಕಿ ಎಲ್ಲಿಂದ ಬರಬೇಕು? ಅದೇ ದುಡ್ಡಿಗೆ ಹಳೇ ಜಪಾನ್ ಬಾಸ್ ಒಂದು ಬರುತ್ತಿತ್ತು.

ಇನ್ನೊಂದು, ಎರಡೂ ಕೈಗೆ ಕೆಲಸ ಇರುವ ವಾದ್ಯದಲ್ಲಿ ಎಡ ಬಲ ಅಂತ ಅಷ್ಟು ತಲೆ ಕೆಡಿಸಿಕೊಳ್ಳಬೇಕಾ? ಪಿಟೀಲು ಕಲಿಯುವ ಎಡಚರು ಎಲ್ಲರ ಹಾಗೆಯೇ ಹಿಡಿಯುತ್ತಾರೆ.

ವೀಣೆಮನೆ (ಮೈಸೂರು) | ಭಾನುವಾರ ರಾತ್ರಿ 9.10

ಮೇಷ್ಟ್ರೇ, ಪಿಟೀಲಿನ ಮಾತು ಹೊಸದಾಗಿ ಕಲಿಯುವ ಮಗುವಿಗೆ ಸರಿ. 17 ವರ್ಷ ನುಡಿಸಿದವರಿಗೆ ಅಲ್ಲ.

'ಮಾಡಿಸುವುದು' ಏನೋ ದೊಡ್ಡ ಶೋಕಿ ಅನ್ನುವ ಹಾಗೆ ಗಿಟಾರ್‌ನವರು ಮಾತಾಡುವುದು ನನಗೆ ಯಾವಾಗಲೂ ವಿಚಿತ್ರ ಅನಿಸುತ್ತದೆ. ನಮ್ಮ ಮನೆಯಲ್ಲಿ ಮೂರು ವೀಣೆ ಇವೆ, ಮೂರೂ ಹೇಳಿ ಮಾಡಿಸಿದ್ದೇ. ವೀಣೆಯ 24 ಮೆಟ್ಟಿಲು, ಅಂದರೆ ಫ್ರೆಟ್‌ಗಳು, ಮೇಣದ ಮೇಲೆ ಕೂತಿರುತ್ತವೆ. ಅವುಗಳ ಜಾಗವನ್ನು ಮೇಳ ಕಟ್ಟುವವರು ಕಿವಿಯಲ್ಲೇ ನೋಡಿ ಕೂರಿಸುತ್ತಾರೆ, ನುಡಿಸುವವರು ಪಕ್ಕದಲ್ಲೇ ಕೂತು "ಇದು ಒಂಚೂರು ಹತ್ತಲಿ" ಅನ್ನುತ್ತಾರೆ. ಫ್ರೆಟ್ ಅನ್ನು ಬಡಿದು ಕೂರಿಸಿಬಿಟ್ಟರೆ ಮುಗಿಯಿತು, ಆ ಸುಖ ನಿಮಗಿಲ್ಲ ಪಾಪ.

ಬೀಟೆ ಹಾಕಿಸಿದ್ದು ಒಳ್ಳೆಯದಾಯಿತು. ಮೈಸೂರು ವೀಣೆಗೂ ಬೀಟೆ ಹಾಕುತ್ತಾರೆ. 2017ರಲ್ಲಿ ಬೀಟೆ ಜಾತಿಯ ಮರಗಳನ್ನೆಲ್ಲ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಪಟ್ಟಿಗೆ ಸೇರಿಸಿದಾಗ ಎಷ್ಟೋ ಗಿಟಾರ್ ಕಂಪನಿಗಳು ಬೇರೆ ಮರಕ್ಕೆ ಹೋದವು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮ ಘಟ್ಟದ ಮರ ನಮ್ಮೂರ ಬಾಸ್‌ಗೆ ಬಂತಲ್ಲ, ಸಂತೋಷ.

ಎಡಚಿ (ಶಿವಮೊಗ್ಗ) | ಭಾನುವಾರ ರಾತ್ರಿ 10.30

ಮೇಷ್ಟ್ರೇ, ನೀವು ಹೇಳಿದ್ದರಲ್ಲಿ ಮೊದಲ ಭಾಗ ಪೂರ್ತಿ ನಿಜ. ಮಾರಲು ಹೋದರೆ ಸೌದೆ ರೇಟು. ಆದರೆ ಆ ಜಪಾನ್ ಬಾಸ್ ತಂದಿದ್ದರೂ ನಾನು ಅದನ್ನು ತಿರುಗಿಸಿಯೇ ಹಿಡಿಯಬೇಕಿತ್ತು, ಬಿಂದಿ ಅಂಟಿಸಲೇಬೇಕಿತ್ತು. ಒಟ್ಟು 1,18,000 ಆಯಿತು. ಮೂರು ಕಂತಿನಲ್ಲಿ ಕೊಟ್ಟೆ. ಎರಡು ಕಂತು ಆರತಕ್ಷತೆಗಳದ್ದೇ ದುಡ್ಡು. ಮೂರನೆಯದು ಒಂದು ಚೀಟಿ ಎತ್ತಿದ್ದು. ಮನೆಯಲ್ಲಿ ಒಂದೂ ಕಾಲು ಲಕ್ಷದ ಬೇರೆ ಯಾವ ವಸ್ತು ನನಗೆ ಅಂತ ಇದೆ ಅಂತ ಹುಡುಕಿದೆ. ಇಲ್ಲ.

ಧಾರವಾಡ್‌ಡಿ | ಸೋಮವಾರ ಬೆಳಿಗ್ಗೆ 9.45

ಭಾರೀ ಆತು ಬಿಡ್ರಿ ಅಕ್ಕಾರ!

ಎಡಚರ ಮಾತು ಬಂತಲ್ಲ, ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಆ ಪಿಟೀಲಿನ ಆಕಾರದ ಹೋಫ್ನರ್ ಬಾಸ್ ಕೊಂಡಿದ್ದೂ ಇದೇ ಕಾರಣಕ್ಕೆ. ಎರಡೂ ಕಡೆ ಒಂದೇ ಆಕಾರ, ಎಡಚ ಹಿಡಿದರೂ ಪೆದ್ದುಪೆದ್ದಾಗಿ ಕಾಣಲ್ಲ ಅಂತ. ಜೊತೆಗೆ ಅಗ್ಗ. ಅದು 1972ರಲ್ಲಿ ಕಳುವಾಗಿ, ಸಿಕ್ಕಿತು ಅಂತ 2024ರಲ್ಲಿ ಸುದ್ದಿಯಾಯಿತು. ಐವತ್ತು ವರ್ಷದ ಮೇಲೆ! ಮೇಷ್ಟ್ರೇ, ಅದರ ಮರುಮಾರಾಟದ ಬೆಲೆ ಎಷ್ಟಿರಬಹುದು?

ಎಡಗೈಯಲ್ಲಿ, ಅದೂ ತಂತಿ ತಲೆಕೆಳಗಾಗಿ ನುಡಿಸುವವರಲ್ಲಿ ಯೆಲ್ಲೋಜಾಕೆಟ್ಸ್ ತಂಡದಲ್ಲಿದ್ದ ಜಿಮ್ಮಿ ಹ್ಯಾಸ್ಲಿಪ್ ಇದ್ದಾರೆ. ಗಿಟಾರ್‌ನಲ್ಲಿ ಆಲ್ಬರ್ಟ್ ಕಿಂಗ್ ಇದ್ದರು. ಯಾರಾದರೂ "ಉಲ್ಟಾ" ಅಂದರೆ ಈ ಹೆಸರು ಒಗೆಯಿರಿ.

ಸೋಲ್ಡರ್‌ಶೆಟ್ಟಿ (ಬೆಂಗಳೂರು) | ಸೋಮವಾರ ರಾತ್ರಿ 8.20

ಮೇಡಂ, 32 ಇಂಚಿಗೆ ಬಂದಿರಿ, ಇ ತಂತಿ ಸಡಿಲ ಅನಿಸುತ್ತಿದೆಯಾ? ಅದೇ ತಂತಿ, ಅದೇ ಶ್ರುತಿ ಇದ್ದರೆ 34ಕ್ಕಿಂತ ಬಿಗಿ ನೂರಕ್ಕೆ 11ರಷ್ಟು ಕಡಿಮೆಯಾಗುತ್ತದೆ. ಈಗ 100 ದಪ್ಪದ್ದು (ಇಂಚಿನ ಸಾವಿರದ ಲೆಕ್ಕ) ಹಾಕಿದ್ದರೆ 105 ಹಾಕಿ ನೋಡಿ.

ಮತ್ತೆ ಒಳಗೆ ತಾಮ್ರದ ಟೇಪು ಹಾಕಿಸಿದ್ದೀರಾ? ಪಿ ಪಿಕಪ್ 1957ರಿಂದಲೂ ಎರಡು ತುಂಡು, ಒಂದರ ಗುಂಯ್ ಸದ್ದನ್ನು ಇನ್ನೊಂದು ಕೊಲ್ಲುತ್ತದೆ. ಜೆ ಒಂಟಿಯಾಗಿ ಹಾಕಿದರೆ ಅದು ಗುಂಯ್ ಅಂತದೆ. ನಮ್ಮ ಸಮುದಾಯ ಭವನಗಳಲ್ಲಿ ಅರ್ತಿಂಗ್ ದೇವರಿಗೇ ಪ್ರೀತಿ. ತಮಾಷೆ ಏನು ಗೊತ್ತಾ, ನಮ್ಮ ಕರೆಂಟು 50 ಹರ್ಟ್ಜ್. ಇ ತಂತಿಯ 3ನೇ ಫ್ರೆಟ್‌ನ ಜಿ ಸ್ವರ 49. ಒಮ್ಮೆ ಹಾಲ್ ತುಂಬಾ ಗುಂಯ್ ಇದ್ದಾಗ ನಮ್ಮ ಬಾಸಿಸ್ಟ್ ಜಿ ಶ್ರುತಿಯ ಹಾಡು ಹಿಡಿದ. ಸ್ವಲ್ಪ ಅಪಶ್ರುತಿಯ ಇನ್ನೊಬ್ಬ ಬಾಸಿಸ್ಟ್ ಪಕ್ಕದಲ್ಲೇ ನಿಂತ ಹಾಗಿತ್ತು.

ಎಡಚಿ (ಶಿವಮೊಗ್ಗ) | ಮೂರು ವಾರದ ಮೇಲೆ, ಭಾನುವಾರ ರಾತ್ರಿ 11.50

ಮೊದಲ ಕಾರ್ಯಕ್ರಮ ಆಯಿತು. ಭದ್ರಾವತಿಯಲ್ಲಿ ಆರತಕ್ಷತೆ. ಹೇಳ್ತೀನಿ, ನಗಬೇಡಿ.

ಎಲ್ಲಾ ಚೆನ್ನಾಗಿತ್ತು. ಕೈ ಬಿಟ್ಟರೂ ಬಾಸ್ ನಿಂತಲ್ಲೇ ನಿಂತಿತು, ತಲೆ ಬಗ್ಗಿಸಲಿಲ್ಲ. ಬಲಗೈಗೆ ಎತ್ತುವ ಕೆಲಸವೇ ಇಲ್ಲದೆ ಮೊದಲ ಎರಡು ಹಾಡು ಏನೋ ಕಳೆದುಕೊಂಡವಳ ಹಾಗಿದ್ದೆ. ಮೂರನೇ ಹಾಡಿಗೆ ಕೊಳಲಿನ ಒಂಟಿ ಭಾಗ ಬಂತು. ಸ್ವಲ್ಪ ಮೆಲ್ಲಗೆ ಹೋಗೋಣ ಅಂತ ವಾಲ್ಯೂಮ್ ನಾಬ್ ಇಳಿಸಿದೆ. ಢಂ ಅಂತ ಏರಿತು. ಗಾಬರಿಯಾಗಿ ಇನ್ನೂ ಇಳಿಸಿದೆ. ಇನ್ನೂ ಏರಿತು. ಊಟದ ಹಾಲ್‌ನಿಂದ ಜನ ಬಾಗಿಲಿಗೆ ಬಂದು ನೋಡಿದರು. ಮದುಮಗಳು ಕಿವಿ ಮುಚ್ಚಿಕೊಂಡಿದ್ದು ವಿಡಿಯೋದಲ್ಲಿದೆ.

ಮನೆಗೆ ಬಂದು ಹಿಂಬದಿಯ ಮುಚ್ಚಳ ಬಿಚ್ಚಿ ಬಾಸ್ ಮಾಡಿದವರಿಗೆ ಫೋಟೋ ಕಳಿಸಿದೆ. ಅವರು ಎಡಗೈಯವರ ಪಾಟ್ (ನಾಬ್ ಅಡಿಯ ಬಿಡಿಭಾಗ) ಹಾಕಿದ್ದಾರೆ! ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ತಿರುಗಿಸಿದರೆ ಏರುವಂಥದ್ದು. ಶ್ರದ್ಧೆಯಿಂದ ಹುಡುಕಿ ತರಿಸಿದ್ದಂತೆ, ಸುಲಭಕ್ಕೆ ಸಿಗಲ್ಲವಂತೆ. ತಪ್ಪು ಅವರದಲ್ಲ. ಮೈ ಎಡಗೈಯದು, ನಾಬ್ ಮೈಗೆ ಸೇರಿದ್ದು ಅಂತ ಅವರ ಲೆಕ್ಕ. ನನ್ನ ಹಳೇ ಬಾಸ್ ತಿರುಗಿಸಿ ಹಿಡಿದರೂ ಅದರ ಪಾಟ್ ಬಲಗೈಯದೇ ಅಲ್ವಾ. ಮನೆಯಲ್ಲಿ ಮೂರು ವಾರ ನಾಬ್‌ಗಳನ್ನು ಬಂದ ಹಾಗೇ ಅರ್ಧಕ್ಕೆ ಬಿಟ್ಟು ನುಡಿಸಿದ್ದೆ, ಮುಟ್ಟಿಯೇ ಇರಲಿಲ್ಲ. ಅವರು ಕೇಳಲಿಲ್ಲ, ನನಗೂ ಹೇಳಬೇಕು ಅಂತ ಹೊಳೆಯಲಿಲ್ಲ.

@ಸೋಲ್ಡರ್‌ಶೆಟ್ಟಿ ಪಾಟ್‌ನ ಆಚೆ ಈಚೆ ಕಾಲಿನ ವಯರ್ ಅದಲುಬದಲು ಮಾಡಿದರೆ ಸಾಕಾ?

ಸೋಲ್ಡರ್‌ಶೆಟ್ಟಿ (ಬೆಂಗಳೂರು) | ಸೋಮವಾರ ಬೆಳಿಗ್ಗೆ 6.40

ಬೆಳಿಗ್ಗೆ ಬೆಳಿಗ್ಗೆ ನಗಿಸಿದಿರಿ, ಕ್ಷಮಿಸಿ.

ಅದಲುಬದಲು ಮಾಡಿದರೆ ದಿಕ್ಕೇನೋ ಸರಿಹೋಗುತ್ತದೆ, ಆದರೆ ಏರಿಳಿತ ಕೆಡುತ್ತದೆ. ವಾಲ್ಯೂಮ್ ಪಾಟ್ ಸಮಸಮವಾಗಿ ಏರುವುದಿಲ್ಲ, ಕಿವಿಗೆ ಹೊಂದುವ ಹಾಗೆ ಮೊದಲು ನಿಧಾನ, ಆಮೇಲೆ ಜೋರು ಅಂತ ಮಾಡಿರುತ್ತಾರೆ. ಕಾಲಿನ ವಯರ್ ಅದಲುಬದಲಾದರೆ ಶುರುವಿನ ಒಂದು ಚೂರಿನಲ್ಲೇ ಎಲ್ಲಾ ಬಂದುಬಿಡುತ್ತದೆ, ಉಳಿದದ್ದು ಸುಮ್ನೆ ತಿರುಗುತ್ತದೆ. ಮಾಮೂಲಿ 250ಕೆ ಪಾಟ್, ಮೇಲೆ ಎ ಅಂತ ಇರುವುದನ್ನು ತಂದು ಹಾಕಿಸಿ. ಎಸ್.ಪಿ. ರೋಡಿಗೆ ನಾನು ಗುರುವಾರ ಹೋಗುತ್ತೇನೆ, ಬೇಕಿದ್ದರೆ ಮೂರು ತಂದು ಕೊರಿಯರ್ ಮಾಡುತ್ತೇನೆ. ಆ ಎಡಗೈ ಪಾಟ್ ಎಸೆಯಬೇಡಿ. ಯಾರಾದರೂ ನಿಜವಾದ ಎಡಚರಿಗೆ ಬೇಕಾಗುತ್ತದೆ.

ಡ್ರಮ್ಸ್‌ಪುಟ್ಟ (ಹಾಸನ) | ಸೋಮವಾರ ಬೆಳಿಗ್ಗೆ 7.15

"ನಿಜವಾದ ಎಡಚರಿಗೆ". ಅಕ್ಕ, ನಿಮ್ಮನ್ನು ಜಾತಿಯಿಂದ ಹೊರಗೆ ಹಾಕಿದರು.

ಕುಡ್ಲದಬಾಸು (ಮಂಗಳೂರು) | ಸೋಮವಾರ ಮಧ್ಯಾಹ್ನ 1.30

ಒಂದು ಮಾತು ಮಾರಾಯ್ರೆ, ಇನ್ನು ಮಳೆ ಶುರು. ಮಲೆನಾಡಿನಲ್ಲಿ ಹೊಸ ಕುತ್ತಿಗೆ ಖಂಡಿತ ಅಲುಗಾಡುತ್ತದೆ. ತಂತಿ ತಾಗಿ ಬರ್ರ್ ಅಂದರೆ ಹೆದರಬೇಡಿ. ಕುತ್ತಿಗೆಯ ಬಾಗು ಸರಿಮಾಡುವ ಒಳಗಿನ ಟ್ರಸ್ ರಾಡನ್ನು ಅಲೆನ್ ಕೀಯಿಂದ ಕಾಲು ಸುತ್ತು ಮಾತ್ರ ತಿರುಗಿಸಿ, ಒಂದು ರಾತ್ರಿ ಬಿಟ್ಟು ನೋಡಿ. ಅವಸರ ಮಾಡಿದರೆ ಕೆಟ್ಟಿತು. ನುಡಿಸಿ ಆದ ಮೇಲೆ ಹಳೇ ಪಂಚೆ ಬಟ್ಟೆಯಲ್ಲಿ ತಂತಿ ಒರೆಸಿ. ನಮ್ಮಲ್ಲಿ ಒರೆಸದಿದ್ದರೆ ವಾರಕ್ಕೆ ತುಕ್ಕು.

ಎಡಚಿ (ಶಿವಮೊಗ್ಗ) | ಮುಂದಿನ ಶನಿವಾರ ಸಂಜೆ 5.10

ಪಾಟ್ ಬಂತು ಶೆಟ್ಟರೇ, ಜೊತೆಗೆ ಕಳಿಸಿದ ಚಕ್ಕುಲಿಯೂ ಬಂತು. ಇಲ್ಲಿಯ ರೇಡಿಯೋ ರಿಪೇರಿಯವರು ಹತ್ತು ನಿಮಿಷದಲ್ಲಿ ಹಾಕಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ, "ಒಂದು ಹಾಡು ನುಡಿಸಿ" ಅಂದರು. ಆಂಪ್ ಇರಲಿಲ್ಲ, ಅವರ ರಿಪೇರಿಗೆ ಬಂದಿದ್ದ ಯಾರದೋ ಹೋಂ ಥಿಯೇಟರ್‌ಗೆ ಸಿಕ್ಕಿಸಿ ನುಡಿಸಿದೆ. ವಾಲ್ಯೂಮ್ ಇಳಿಸಿದರೆ ಇಳಿಯಿತು.

ಮಂಗಳೂರಿನವರ ಮಾತಿನಂತೆ ಅಲೆನ್ ಕೀ ಹುಡುಕಲು ಕೇಸ್‌ನ ಜೇಬಿಗೆ ಕೈ ಹಾಕಿದೆ. ಕೀ ಸಿಕ್ಕಿತು. ಅದರ ಜೊತೆ ಒಂದು ಬಿಂದಿ ಪ್ಯಾಕೆಟ್ಟೂ ಬಂತು, ಹೊಸದು, ತೆರೆದಿಲ್ಲ. ನಾನು ಇಟ್ಟಿದ್ದಲ್ಲ. ಬಾಸ್ ಮಾಡಿದವರಿಗೆ ಫೋನ್ ಮಾಡಿ ಕೇಳಿದೆ. "ಅಳತೆಗೆ ಅಂತ ತಂದಿದ್ದೆ, ಆ ಸೈಜಿನ ಡ್ರಿಲ್ ಬಿಟ್ ಬೇಕಿತ್ತಲ್ಲ" ಅಂದರು.